‘ಆರ್‌ಟಿಒ ಬೇಡ, ಲೈಸೆನ್ಸ್ ಬೇಡ’: 34,999 ರೂಪಾಯಿ ಸ್ಕೂಟರಿನ ಒಂದು ಪ್ರಕರಣ

ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಹೈಸ್ಕೂಲ್ ಮೇಷ್ಟ್ರು ಪಿಯುಸಿ ಓದುವ ಮಗಳಿಗೆಂದು ಆನ್‌ಲೈನಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ತರಿಸಿದರು. ಬೆಲೆ 34,999 ರೂಪಾಯಿ. ‘ಇಂಪೋರ್ಟೆಡ್ ಮಾಡೆಲ್, ಒಂದು ಚಾರ್ಜಿಗೆ 70 ಕಿಲೋಮೀಟರ್, ಆರ್‌ಟಿಒ ಬೇಡ, ಲೈಸೆನ್ಸ್ ಬೇಡ, ಇನ್ಶೂರೆನ್ಸ್ ಬೇಡ’ ಎಂದು ಜಾಹೀರಾತಿನಲ್ಲಿತ್ತು. ವರ್ಷ ತುಂಬುವುದರೊಳಗೆ ಆ ಗಾಡಿಯ ಲೆಕ್ಕಕ್ಕೆ ಇನ್ನೂ ಅರವತ್ತು ಸಾವಿರದ ಹತ್ತಿರ ಖರ್ಚಾಯಿತು. ಇಷ್ಟಾದರೂ ಅದನ್ನು ರಸ್ತೆಗೆ ಇಳಿಸುವ ಹಾಗಿಲ್ಲ.

ನನ್ನದು ಬ್ಯಾಟರಿ, ಇನ್ವರ್ಟರ್ ಅಂಗಡಿ. ಗಾಡಿ ನನ್ನ ಹತ್ತಿರ ಬಂದದ್ದು ಬ್ಯಾಟರಿ ಕೈಕೊಟ್ಟ ಮೇಲೆ. ಬಿಲ್ಲು ಕೇಳಿದೆ, ಚಾರ್ಜರ್ ಕೇಳಿದೆ, ಒಂದೊಂದೇ ವಿಷಯ ಹೊರಗೆ ಬಂತು. ಮೇಷ್ಟ್ರು ಒಪ್ಪಿದ್ದಕ್ಕೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಮೇಷ್ಟ್ರು ಯಾಕೆ ಕೊಂಡರು

ಅವರು ಗಣಿತದ ಮೇಷ್ಟ್ರು. ಮೋಸಕ್ಕೆ ಸುಲಭವಾಗಿ ಬೀಳುವವರಲ್ಲ. ಮನೆಯಿಂದ ಕಾಲೇಜಿಗೆ 11 ಕಿಲೋಮೀಟರ್. ಬೆಳಗಿನ ಬಸ್ಸು ಹೋದರೆ ಮೊದಲ ಪೀರಿಯಡ್ ಹೋಯಿತು ಅಂತಲೇ ಲೆಕ್ಕ. ಸಂಜೆ ಟ್ಯೂಷನ್ ಮುಗಿಸಿದರೆ ವಾಪಸ್ ಬರಲು ಬಸ್ಸೇ ಇಲ್ಲ. ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಸ್ಕೂಟರ್ ಸಿಗುತ್ತಿತ್ತು. ಆದರೆ ಮಗಳಿಗೆ ಆಗಿದ್ದು 17 ವರ್ಷ. ಗೇರ್ ಇಲ್ಲದ ಸಾಮಾನ್ಯ ಸ್ಕೂಟರಿಗೂ ಲೈಸೆನ್ಸ್ ಬೇಕಾದರೆ 18 ತುಂಬಬೇಕು. 16ರಿಂದ 18ರವರೆಗೆ ಸಿಗುವ ಲೈಸೆನ್ಸ್ 50 ಸಿಸಿ ಮೀರದ ಗಾಡಿಗೆ ಮಾತ್ರ, ಅಂಥ ಗಾಡಿ ಇವತ್ತು ಶೋರೂಮಿನಲ್ಲಿ ಸಿಗುವುದೇ ಅಪರೂಪ. ಹಾಗಾಗಿ ಅವರನ್ನು ಸೆಳೆದದ್ದು ಬೆಲೆಗಿಂತ ಜಾಸ್ತಿ ‘ಲೈಸೆನ್ಸ್ ಬೇಡ’ ಅನ್ನುವ ಮಾತು.

ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 2(ಯು) ಪ್ರಕಾರ, ಮೋಟಾರಿನ ‘30 ನಿಮಿಷದ ಪವರ್’ 250 ವ್ಯಾಟಿಗಿಂತ ಕಡಿಮೆ ಇದ್ದು, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇದ್ದರೆ ಆ ಬ್ಯಾಟರಿ ಗಾಡಿಯನ್ನು ಮೋಟಾರು ವಾಹನ ಎಂದು ಪರಿಗಣಿಸುವುದಿಲ್ಲ. ನೋಂದಣಿ, ಲೈಸೆನ್ಸ್, ವಿಮೆ ಯಾವುದೂ ಬೇಕಿಲ್ಲ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಷರತ್ತಿದೆ. ಈ ಎರಡೂ ನಿಜ ಎಂದು ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆ ನೋಡಿ ಪ್ರಮಾಣಪತ್ರ ಕೊಟ್ಟಿರಬೇಕು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಇಂಥ ಸಂಸ್ಥೆಗಳು. ಮಾರುವವನು ಸುಮ್ನೆ ಒಂದು ಸ್ಟಿಕರ್ ಅಂಟಿಸಿದರೆ ಸಾಲದು.

ಮೇಷ್ಟ್ರು ಪ್ರಮಾಣಪತ್ರ ಕೇಳಿದ್ದರು. ವಾಟ್ಸಾಪಿನಲ್ಲಿ ಫೋಟೊ ಬಂದಿತ್ತು. ಅದರಲ್ಲಿದ್ದ ಮಾಡೆಲ್ ಹೆಸರೇ ಬೇರೆ, ಗಾಡಿಯ ಮೇಲಿದ್ದ ಹೆಸರೇ ಬೇರೆ. ಕೇಳಿದರೆ ‘ಎರಡೂ ಒಂದೇ ಸಾರ್, ಇಲ್ಲಿ ಬೇರೆ ಬ್ರ್ಯಾಂಡ್ ಹಾಕ್ತೀವಿ’ ಎಂಬ ಉತ್ತರ. ಪ್ರಮಾಣಪತ್ರ ಕೊಡುವುದು ಒಂದು ಕಂಪನಿಯ ಒಂದು ಮಾಡೆಲ್ಲಿಗೆ. ಪಕ್ಕದ ಮನೆಯವರ ಪಡಿತರ ಚೀಟಿ ತೋರಿಸಿ ಅಕ್ಕಿ ತರಲು ಆಗುತ್ತದೆಯೇ? ವ್ಯವಹಾರ ಅಲ್ಲಿಗೇ ನಿಲ್ಲಬೇಕಿತ್ತು. ಅಷ್ಟರಲ್ಲಿ ಐದು ಸಾವಿರ ಮುಂಗಡ ಹೋಗಿತ್ತು. ಅದೂ ಕಂಪನಿಯ ಖಾತೆಗಲ್ಲ, ಯಾರೋ ವ್ಯಕ್ತಿಯ ಯುಪಿಐಗೆ.

ಮುಂಗಡ ಹೋದರೂ ಇವರಿಗೆ ಗಾಡಿಯಾದರೂ ಬಂತು. 2022ರ ನವೆಂಬರಿನಲ್ಲಿ ದೆಹಲಿ ಪೊಲೀಸರು ಬೆಂಗಳೂರು, ಗುರುಗ್ರಾಮ, ಪಟ್ನಾಗಳಿಂದ 20 ಜನರನ್ನು ಹಿಡಿದಿದ್ದರು. ಹೆಸರಾಂತ ಇ-ಸ್ಕೂಟರ್ ಕಂಪನಿಯ ನಕಲಿ ವೆಬ್‌ಸೈಟ್ ಮಾಡಿ, ಮೊದಲು 499 ರೂಪಾಯಿ ಬುಕಿಂಗ್, ಆಮೇಲೆ ವಿಮೆ, ಸಾಗಣೆ ಎಂದು ಸಾವಿರಕ್ಕೂ ಜಾಸ್ತಿ ಜನರಿಂದ ದುಡ್ಡು ವಸೂಲಿ ಮಾಡಿದ ಆರೋಪ ಅವರ ಮೇಲಿತ್ತು. ಅಲ್ಲಿ ಗಾಡಿಯೇ ಇರಲಿಲ್ಲ.

ಗುಡ್ಡ ಹತ್ತದ ಗಾಡಿ

ಗಾಡಿ ಲಾರಿಯಲ್ಲಿ ಬಂತು. ಟ್ರಾನ್ಸ್‌ಪೋರ್ಟ್ ಗೋದಾಮಿನಲ್ಲಿ ಬಾಕಿ ಹಣದ ಜೊತೆ ಬಾಡಿಗೆ 2,800 ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಜಾಹೀರಾತಿನಲ್ಲಿ ಬಾಡಿಗೆಯ ಮಾತೇ ಇರಲಿಲ್ಲ. ಹ್ಯಾಂಡಲ್, ಕನ್ನಡಿ, ಮುಂದಿನ ಚಕ್ರ ಜೋಡಿಸಿಕೊಂಡದ್ದು ಮನೆಯಲ್ಲೇ. ನೋಡಲು ಚೆನ್ನಾಗಿತ್ತು. ಮಗಳಿಗೆ ಖುಷಿಯೋ ಖುಷಿ.

ಮನೆಯಿಂದ ಮುಖ್ಯರಸ್ತೆಗೆ ಬರುವ ಮೊದಲು ಒಂದು ಏರು ಇದೆ. ಗಾಡಿ ಅಲ್ಲಿ ತೆವಳಿತು. ಹಿಂದೆ ಅಪ್ಪ ಕೂತರಂತೂ ನಿಂತೇ ಹೋಯಿತು. ಇದು ಗಾಡಿಯ ದೋಷವಲ್ಲ, ಸರಳ ಲೆಕ್ಕ. ಗಾಡಿ, ಹುಡುಗಿ, ಬ್ಯಾಗು ಸೇರಿ 140 ಕಿಲೋ ಎನ್ನಿ. ನೂರು ಮೀಟರಿಗೆ ಏಳು ಮೀಟರ್ ಮೇಲಕ್ಕೆ ಹೋಗುವ ಏರಿನಲ್ಲಿ ಅದನ್ನು ಎಳೆಯಲು ಸುಮಾರು 115 ನ್ಯೂಟನ್ ಬಲ ಬೇಕು. 250 ವ್ಯಾಟಿನಲ್ಲಿ ಚಕ್ರಕ್ಕೆ ತಲುಪುವುದು 200 ವ್ಯಾಟ್ ಆದರೆ ಸಿಗುವ ವೇಗ ಗಂಟೆಗೆ ಆರು ಕಿಲೋಮೀಟರ್ ಚಿಲ್ಲರೆ. ಬಿರುಸಾಗಿ ನಡೆಯುವವರೂ ಅಷ್ಟು ಹೋಗುತ್ತಾರೆ. ಅದೇ ಏರನ್ನು 20ರ ವೇಗದಲ್ಲಿ ಹತ್ತಬೇಕಾದರೆ 800 ವ್ಯಾಟ್ ಬೇಕು. 30 ನಿಮಿಷ ಬಿಡದೆ ಕೊಡಬಲ್ಲ ಪವರನ್ನು ಮಾತ್ರ ನಿಯಮ ಅಳೆಯುವುದರಿಂದ, ಸ್ವಲ್ಪ ಹೊತ್ತಿಗೆ ಮೋಟಾರು ಅದಕ್ಕಿಂತ ಜಾಸ್ತಿ ಕೊಟ್ಟರೂ ತಪ್ಪಲ್ಲ. ಈ ಗಾಡಿಯ ಕಂಟ್ರೋಲರ್, ಅಂದರೆ ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಪೆಟ್ಟಿಗೆ, ಅಷ್ಟನ್ನೂ ಬಿಡುತ್ತಿರಲಿಲ್ಲ.

ಮೇಷ್ಟ್ರು ಮಾರಿದವನಿಗೆ ಫೋನ್ ಮಾಡಿದರು. ಫೋನ್ ಎತ್ತಲಿಲ್ಲ. ಸಂಜೆ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದಿಯಲ್ಲಿ ಅವನು ಹೇಳಿದ್ದಿಷ್ಟು: ಸೀಟಿನ ಕೆಳಗೆ ಕಂಟ್ರೋಲರಿನಿಂದ ಒಂದು ಬಿಳಿ ವೈರ್ ಸುತ್ತು ಹಾಕಿ ಬಂದಿರುತ್ತದೆ, ಅದರ ಜಾಯಿಂಟ್ ಬಿಚ್ಚಿಬಿಡಿ, ಎಲ್ಲರೂ ಹಾಗೇ ಮಾಡುತ್ತಾರೆ.

ಬಿಚ್ಚಿದರು. ಗಾಡಿ ಏರು ಹತ್ತಿತು. ಮಟ್ಟಸ ರಸ್ತೆಯಲ್ಲಿ ಮೀಟರ್ 45 ತೋರಿಸಿತು.

ಈ ವೈರ್ ಕತೆ ಇದೊಂದೇ ಗಾಡಿಯದಲ್ಲ. ಚೀನಾದ ಅಗ್ಗದ ಕಂಟ್ರೋಲರುಗಳಲ್ಲಿ ವೇಗದ ಮಿತಿಗೆಂದು ಇಂಥ ವೈರ್ ಇರುವುದು ಮಾಮೂಲು. ಜೋಡಿಸಿದ್ದರೆ 25, ಬಿಚ್ಚಿದರೆ ಮೋಟಾರಿನ ಪೂರ್ತಿ ವೇಗ. ಅಂದರೆ ಗಾಡಿ ತಯಾರಾದದ್ದೇ 45ಕ್ಕೆ. ಭಾರತದ ಕಾಗದಕ್ಕೆ ಮಾತ್ರ ಅದು 25ರ ಗಾಡಿ. ಅದು ಹುಟ್ಟಿದ ದೇಶದಲ್ಲಿ ಏನು ಕತೆ ನೋಡಿ. ಚೀನಾದಲ್ಲಿ 2019ರ ಏಪ್ರಿಲ್ 15ರಿಂದ ಜಾರಿಗೆ ಬಂದು 2025ರವರೆಗೆ ಇದ್ದ ಮಾನದಂಡದಂತೆ ಎಲೆಕ್ಟ್ರಿಕ್ ಸೈಕಲ್ ಎನಿಸಿಕೊಳ್ಳಲು ವೇಗ 25 ಮೀರಬಾರದಿತ್ತು, ಬ್ಯಾಟರಿ ಸೇರಿ ತೂಕ 55 ಕಿಲೋ ಮೀರಬಾರದಿತ್ತು, ಬ್ಯಾಟರಿ 48 ವೋಲ್ಟ್ ದಾಟಬಾರದಿತ್ತು, ಪೆಡಲ್ ಇರಲೇಬೇಕಿತ್ತು. ನಮ್ಮ ಮೇಷ್ಟ್ರ ಗಾಡಿ 60 ವೋಲ್ಟಿನದು, ತೂಕ 80 ಕಿಲೋ ಮೇಲೆ, ಪೆಡಲ್ ಇಲ್ಲವೇ ಇಲ್ಲ. ಅಲ್ಲಿ ಇದು ಎಲೆಕ್ಟ್ರಿಕ್ ಮೊಪೆಡ್. ನಂಬರ್ ಪ್ಲೇಟ್ ಬೇಕು, ಲೈಸೆನ್ಸೂ ಬೇಕು. ತವರಿನಲ್ಲಿ ಲೈಸೆನ್ಸ್ ಕೇಳುವ ಗಾಡಿಯನ್ನೇ ಇಲ್ಲಿ ‘ಲೈಸೆನ್ಸ್ ಬೇಡ’ ಎಂದು ಮಾರುತ್ತಿದ್ದಾರೆ!

ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇಲ್ಲೇ ಇದೆ. ಕಾನೂನಿಗೆ ತಕ್ಕ ಹಾಗೆ ಇಟ್ಟುಕೊಂಡರೆ ಮಲೆನಾಡಿನ ಈ ರಸ್ತೆಗೆ ಗಾಡಿ ಉಪಯೋಗಕ್ಕೆ ಬರುವುದಿಲ್ಲ. ಉಪಯೋಗಕ್ಕೆ ಬರುವ ಹಾಗೆ ಮಾಡಿದರೆ ಕಾನೂನಿನ ರಿಯಾಯಿತಿ ಹೋಗುತ್ತದೆ. ಮಾರುವವನಿಗೆ ಎರಡೂ ಗೊತ್ತು. ಅವನು 25ರ ಗಾಡಿಗೆ ಬಿಲ್ ಮಾಡಿದ, 45ರ ಗಾಡಿಯನ್ನು ಕೊಟ್ಟ, ನಡುವಿನ ಅಪರಾಧವನ್ನು ಕೊಂಡವರ ಕೈಯಿಂದಲೇ ಮಾಡಿಸಿದ.

ಮಳೆಗಾಲದ ಆ ದಿನ

ಜೂನ್ ತಿಂಗಳ ಮಳೆ. ಇಳಿಜಾರಿನಲ್ಲಿ ಬರುವಾಗ ಮಗಳು ಬ್ರೇಕ್ ಹಿಡಿದಳು. ಗಾಡಿ ಜಾರಿ, ರಸ್ತೆ ಬದಿಯಲ್ಲಿ ಕೊಡೆ ಹಿಡಿದು ಹೋಗುತ್ತಿದ್ದ ಹಿರಿಯರೊಬ್ಬರಿಗೆ ತಾಗಿತು. ಅವರ ಮಣಿಕಟ್ಟಿನ ಮೂಳೆ ಮುರಿಯಿತು. ಹುಡುಗಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹೆಲ್ಮೆಟ್ ಹಾಕಿದ್ದಳು. ಅವಳ ಅಮ್ಮನ ಹಟದಿಂದ ಅದೊಂದು ಸರಿಯಾಗಿ ನಡೆದಿತ್ತು.

ಊರಿನವರು ಕೂತು ರಾಜಿ ಮಾಡಿಸಿದರು. ಆಸ್ಪತ್ರೆ ಖರ್ಚು, ಅವರು ಕೆಲಸ ತಪ್ಪಿಸಿಕೊಂಡದ್ದಕ್ಕೆ ಒಂದಿಷ್ಟು, ಎಲ್ಲ ಸೇರಿ 41,000. ಕೇಸ್ ಆಗಲಿಲ್ಲ. ಆಗಿದ್ದರೆ ಏನಾಗುತ್ತಿತ್ತು ಎಂದು ಮೇಷ್ಟ್ರಿಗೆ ಗೊತ್ತಾದದ್ದು ಆಮೇಲೆ, ಪರಿಚಯದ ವಕೀಲರೊಬ್ಬರು ಹೇಳಿದಾಗ.

ವೇಗ 25 ದಾಟಿದರೆ ಅದು ಮೋಟಾರು ವಾಹನವೇ. ಆಗ ಒಂದೊಂದೇ ಕಲಂ ಸಾಲಾಗಿ ಬರುತ್ತದೆ. ಲೈಸೆನ್ಸ್ ಇಲ್ಲದ್ದಕ್ಕೆ 5,000 ರೂಪಾಯಿ. ನೋಂದಣಿ ಇಲ್ಲದ್ದಕ್ಕೆ ಮೊದಲ ಸಲಕ್ಕೆ 5,000ದವರೆಗೆ. ವಿಮೆ ಇಲ್ಲದ್ದಕ್ಕೆ 2,000. ವೈರ್ ಬಿಚ್ಚಿದ್ದು ಗಾಡಿಯ ಮಾರ್ಪಾಡು ಎಂದಾದರೆ 182ಎ ಕಲಂ. ಇವೆಲ್ಲ ಹೋಗಲಿ, ದಂಡ ಕಟ್ಟಬಹುದು. ಹೆದರಬೇಕಾದದ್ದು 199ಎ ಕಲಂಗೆ. 18 ತುಂಬದವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ದಂಡ, ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಸರ್ಕಾರಿ ನೌಕರಿಯಲ್ಲಿರುವ ಮೇಷ್ಟ್ರಿಗೆ ಜೈಲು ಅಂದರೆ ಕೆಲಸದ ಪ್ರಶ್ನೆಯೂ ಹೌದು. ಇನ್ನು ಆ ಹಿರಿಯರ ಪ್ರಾಣಕ್ಕೇ ಏನಾದರೂ ಆಗಿದ್ದರೆ, ವಿಮೆ ಇಲ್ಲದ ಗಾಡಿಯ ಪರಿಹಾರ ಪೂರ್ತಿ ಮಾಲೀಕರ ತಲೆ ಮೇಲೆ. ಅದು ಲಕ್ಷಗಳಲ್ಲಿ ಇರುತ್ತದೆ, ಅದಕ್ಕೆ ಮೇಲ್ಮಿತಿಯೂ ಇಲ್ಲ.

‘ಹಾಗಾದ್ರೆ ಈಗಲಾದರೂ ರಿಜಿಸ್ಟರ್ ಮಾಡಿಸೋಣ್ವಾ?’ ಎಂದು ಮೇಷ್ಟ್ರು ಕೇಳಿದರು. ಆಗುವುದಿಲ್ಲ. ನೋಂದಣಿಗೆ ಮಾರಾಟ ಪತ್ರವಾಗಿ ಫಾರಂ 21, ತಯಾರಕರ ರಸ್ತೆ ಯೋಗ್ಯತೆಯ ಪತ್ರವಾಗಿ ಫಾರಂ 22 ಬೇಕು. ಎರಡರ ಹಿಂದೆಯೂ ಆ ಮಾಡೆಲ್ಲಿನ ಪರೀಕ್ಷಾ ಪ್ರಮಾಣಪತ್ರ ಇರಬೇಕು. ಇಲ್ಲಿ ಬೇರು ಸಮೇತ ಯಾವುದೂ ಇಲ್ಲ.

ಬಿಲ್ಲು, ಫ್ರೇಮು, ಬ್ಯಾಟರಿ

ಗಾಡಿ ನನ್ನ ಅಂಗಡಿಗೆ ಬಂದಾಗ ಚಾರ್ಜ್ ಆದರೂ ಹತ್ತು ಹನ್ನೆರಡು ಕಿಲೋಮೀಟರಿಗೇ ನಿಲ್ಲುತ್ತಿತ್ತು. ಸೀಟಿನ ಕೆಳಗೆ 12 ವೋಲ್ಟಿನ ಐದು ಲೆಡ್ ಆ್ಯಸಿಡ್ ಬ್ಯಾಟರಿ. ಮೇಲೆ 6-ಡಿಝಡ್‌ಎಂ-20 ಎಂಬ ಅಚ್ಚು. ಚೀನಾದ ಇ-ಬೈಕುಗಳಲ್ಲಿ ಎಲ್ಲ ಕಡೆ ಕಾಣುವ ನಮೂನೆ ಇದು, ಕೆಟ್ಟದ್ದೇನಲ್ಲ. ಆದರೆ ಜಾಹೀರಾತಿನ 70 ಕಿಲೋಮೀಟರನ್ನು ಇದರಿಂದ ಯಾರೂ ತೆಗೆಯಲಾರರು. 60 ವೋಲ್ಟ್, 20 ಆ್ಯಂಪಿಯರ್ ಅವರ್ ಅಂದರೆ ಒಟ್ಟು 1,200 ವ್ಯಾಟ್ ಅವರ್. ಪೂರ್ತಿ ಖಾಲಿ ಮಾಡಿದರೆ ಲೆಡ್ ಬ್ಯಾಟರಿ ಬೇಗ ಸಾಯುತ್ತದೆ. ಹಾಗಾಗಿ ನಿಜಕ್ಕೂ ಕೈಗೆ ಸಿಗುವುದು ಸಾವಿರದೊಳಗೆ. ಏರಿಳಿತದ ರಸ್ತೆಯಲ್ಲಿ ಕಿಲೋಮೀಟರಿಗೆ 25ರಿಂದ 30 ವ್ಯಾಟ್ ಅವರ್ ಬೇಕು. ಹೊಸದರಲ್ಲಿ ಮೂವತ್ತೈದು ಕಿಲೋಮೀಟರ್ ಬಂದರೆ ಪುಣ್ಯ. ಮಗಳಿಗೆ ದಿನಕ್ಕೆ ಬೇಕಿದ್ದದ್ದು 22. ಅಂಚಿನಲ್ಲಿತ್ತು, ಮೊದಲ ಕೆಲವು ತಿಂಗಳು ನಡೆಯಿತು.

ವೈರ್ ಬಿಚ್ಚಿದ ಮೇಲೆ ಏರಿನಲ್ಲಿ ಬ್ಯಾಟರಿಯಿಂದ ಜಾಸ್ತಿ ಕರೆಂಟ್ ಎಳೆಯಿತು. ಅದು ಒಂದು ಕಾರಣ. ಅಪಘಾತವಾದ ಮೇಲೆ ಅರ್ಧ ಖಾಲಿಯಾದ ಬ್ಯಾಟರಿಯನ್ನು ಹಾಗೇ ಮಳೆಗಾಲವಿಡೀ ಮೂಲೆಗೆ ನಿಲ್ಲಿಸಿದ್ದು ಇನ್ನೊಂದು. ಖಾಲಿ ಇಟ್ಟ ಲೆಡ್ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಚಾರ್ಜರ್ ಕೂಡ ಮಳೆಗಾಲದ ಕರೆಂಟ್ ಹೋಗಿ ಬರುವ ಆಟಕ್ಕೆ ಸತ್ತಿತ್ತು. ಹೊಸ ಬ್ಯಾಟರಿ ಸೆಟ್ 13,500, ಚಾರ್ಜರ್ 1,900. ಮಾರಾಟಗಾರನಿಗೆ ವಾರಂಟಿ ಕೇಳಿದರೆ ‘ನೀವು ವೈರ್ ಬಿಚ್ಚಿದ್ದೀರಿ, ವಾರಂಟಿ ಇಲ್ಲ’ ಎಂದ. ಬಿಚ್ಚಲು ಹೇಳಿದವನೂ ಅವನೇ ಅಲ್ವಾ!

ಬಿಲ್ ನೋಡಿದಾಗ ನನಗೆ ನಗು ಬಂತು. ಎಲೆಕ್ಟ್ರಿಕ್ ದ್ವಿಚಕ್ರ ವಾಹನದ ಎಚ್‌ಎಸ್‌ಎನ್ ಕೋಡ್, ಅಂದರೆ ಸರಕು ಯಾವ ವರ್ಗದ್ದು ಎಂದು ಬಿಲ್ಲಿನಲ್ಲಿ ಹಾಕುವ ಸಂಖ್ಯೆ, 8711 60 ಎಂದು ಶುರುವಾಗಬೇಕು. ಇದರಲ್ಲಿ ಇದ್ದದ್ದು 8714, ಅಂದರೆ ಬಿಡಿಭಾಗ. ಕಾಗದದ ಪ್ರಕಾರ ಮೇಷ್ಟ್ರು ಸ್ಕೂಟರನ್ನೇ ಕೊಂಡಿಲ್ಲ, ಸ್ಕೂಟರಿನ ಬಿಡಿಭಾಗ ಕೊಂಡಿದ್ದಾರೆ. ಆಮದು ಸುಂಕದಲ್ಲಿ ಇಡೀ ಗಾಡಿಗೂ ಬಿಡಿಭಾಗಕ್ಕೂ ದೊಡ್ಡ ಅಂತರ ಇರುವುದರಿಂದ ಈ ಆಟಕ್ಕೆ ಅರ್ಥವಿದೆ. ಗಾಡಿಯ ಮೇಲೆ ‘ಮೇಡ್ ಇನ್ ಇಂಡಿಯಾ’ ಸ್ಟಿಕರ್ ಬೇರೆ. ಫ್ರೇಮಿನ ಮೇಲಿನ 17 ಅಕ್ಷರದ ನಂಬರ್ ಮಾತ್ರ ‘ಎಲ್’ನಿಂದ ಶುರುವಾಗಿತ್ತು. ಭಾರತದಲ್ಲಿ ತಯಾರಾದ ಗಾಡಿಯದ್ದು ‘ಎಂ’ನಿಂದ ಶುರುವಾಗುತ್ತದೆ. ‘ಎಲ್’ ಚೀನಾದ್ದು.

ಚೀನಾದಿಂದ ಬಂತು ಎಂಬುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನನ್ನ ಅಂಗಡಿಯಲ್ಲೇ ಅರ್ಧ ಮಾಲು ಅಲ್ಲಿನದು. ಈ ಗಾಡಿಯ ಮೋಟಾರು ಇವತ್ತಿಗೂ ಚೆನ್ನಾಗಿದೆ, ಫ್ರೇಮಿಗೆ ತುಕ್ಕು ಕೂಡ ಹಿಡಿದಿಲ್ಲ. ಹೆಸರಾಂತ ಕಂಪನಿಗಳ ನೋಂದಣಿಯಾಗುವ ಇ-ಸ್ಕೂಟರ್ ಲಕ್ಷದ ಆಸುಪಾಸು ಇರುವಾಗ ಇದು 35 ಸಾವಿರಕ್ಕೆ ಹೇಗೆ ಬಂತು ಅಂದರೆ, ಸ್ವಲ್ಪ ಉಳಿತಾಯ ಲಿಥಿಯಂ ಬದಲು ಲೆಡ್ ಬ್ಯಾಟರಿ ಹಾಕಿದ್ದರಿಂದ. ಮಿಕ್ಕ ಬಹುಪಾಲು ಉಳಿತಾಯ ಪರೀಕ್ಷೆ ಮಾಡಿಸದೆ, ಸುಂಕ ಸರಿಯಾಗಿ ಕಟ್ಟದೆ, ಸರ್ವಿಸ್ ಸೆಂಟರ್ ಇಡದೆ, ಜವಾಬ್ದಾರಿ ಹೊರದೆ ಬಂದದ್ದು. ಆ ಖರ್ಚು ಎಲ್ಲೂ ಮಾಯವಾಗಲಿಲ್ಲ. ಮೇಷ್ಟ್ರ ಮನೆಗೆ ಬಂದು ಕೂತಿತು.

ಹಾಗಾದರೆ ಯಾರೂ ಕೊಳ್ಳಬಾರದೇ?

ನಿಧಾನದ ಗಾಡಿಗಳನ್ನೆಲ್ಲ ನಾನು ಬೇಡ ಅನ್ನುವುದಿಲ್ಲ. ನನ್ನ ಗಿರಾಕಿಯೊಬ್ಬರು, ಶಿವಮೊಗ್ಗ ಪೇಟೆಯಲ್ಲಿರುವ ನಿವೃತ್ತ ಬ್ಯಾಂಕ್ ನೌಕರರು, ಮನೆಯಿಂದ ಮಾರ್ಕೆಟ್ಟು, ದೇವಸ್ಥಾನ, ಮಗನ ಅಂಗಡಿ ಎಂದು ಮಟ್ಟಸ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್ ಓಡಾಡುತ್ತಾರೆ. 25ರ ಮಿತಿಯ ಗಾಡಿ ಅವರಿಗೆ ಸಾಕು. ಪ್ರಮಾಣಪತ್ರ ಇರುವ ಮಾಡೆಲ್ಲನ್ನು ಊರಿನ ಅಂಗಡಿಯಲ್ಲೇ ಕೊಂಡರು. ಮೇಷ್ಟ್ರು ಕೊಟ್ಟದ್ದಕ್ಕಿಂತ ಹದಿನೈದು ಸಾವಿರ ಜಾಸ್ತಿ ಕೊಟ್ಟಿದ್ದಾರೆ. ಬ್ಯಾಟರಿ ಕೆಟ್ಟಾಗ ಗಾಡಿ ತಳ್ಳಿಕೊಂಡು ಹೋಗಿ ಅಂಗಡಿ ಮುಂದೆ ನಿಲ್ಲಿಸಿ ಜಗಳ ಆಡಿದರು, ಬದಲಾಯಿಸಿ ಕೊಟ್ಟರು. ಜಗಳ ಆಡಲು ಒಂದು ಬಾಗಿಲು ಇರಬೇಕು, ಅದಕ್ಕೂ ಬೆಲೆ ಇದೆ.

ಆನ್‌ಲೈನಿನಲ್ಲೇ ಕೊಳ್ಳುವುದಾದರೆ ನಾನು ನೋಡುವುದು ಮೂರು ನಾಲ್ಕು ವಿಷಯ. ಬಿಲ್ಲಿನ ಜಿಎಸ್‌ಟಿ ನಂಬರ್ ಸರ್ಕಾರಿ ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರು ಬರುತ್ತದೆ, ಅದು ಚಾಲ್ತಿಯಲ್ಲಿದೆಯೇ. ಮೊದಲ ಎರಡು ಅಂಕಿ ರಾಜ್ಯದ್ದು, 29 ಕರ್ನಾಟಕ, 07 ದೆಹಲಿ. ‘ನಮ್ಮದು ಬೆಂಗಳೂರು ಕಂಪನಿ’ ಎಂದವನ ನಂಬರ್ 07ರಿಂದ ಶುರುವಾದರೆ ಯಾಕೆ ಎಂದು ಕೇಳಬೇಕು. ಪ್ರಮಾಣಪತ್ರದ ಮಾಡೆಲ್ ಹೆಸರು ಬಿಲ್ಲಿನಲ್ಲೂ ಗಾಡಿಯ ಮೇಲೂ ಒಂದೇ ಇರಬೇಕು. ಆನ್‌ಲೈನಿನಲ್ಲಿ ಮಾರುವ ಸರಕಿಗೆ ಯಾವ ದೇಶದ್ದು ಎಂದು ತೋರಿಸಲೇಬೇಕೆಂದು 2020ರ ಇ-ವಾಣಿಜ್ಯ ನಿಯಮ ಹೇಳುತ್ತದೆ. ಆಮದು ಮಾಲಾದರೆ ಆಮದುದಾರರ ವಿವರವೂ ಇರಬೇಕು. ಸುಮ್ನೆ ‘ಇಂಪೋರ್ಟೆಡ್’ ಎಂದು ದಪ್ಪಕ್ಷರದಲ್ಲಿ ಬರೆದವನಿಗೆ ದೇಶದ ಹೆಸರು ಬರೆಯಲು ಜಾಗ ಇಲ್ಲದಿದ್ದರೆ ಅಲ್ಲಿಗೆ ಕೈಮುಗಿಯಬೇಕು. ಮುಂಗಡ ಕೊಟ್ಟು ಗಾಡಿಯೇ ಬಾರದಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಅದೇ ಗಳಿಗೆಯಲ್ಲಿ ಫೋನ್ ಮಾಡಿ, ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಓಡುತ್ತದೆ.

ದೂರು

ವಕೀಲರ ಸಲಹೆಯಂತೆ ಮೇಷ್ಟ್ರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದಾರೆ. ಮಾರಿದವನು ದೆಹಲಿಯಲ್ಲಿದ್ದರೂ ದೂರು ಶಿವಮೊಗ್ಗದಲ್ಲೇ ಹಾಕಬಹುದು. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ, ಕೊಂಡವರು ವಾಸ ಇರುವ ಜಾಗದಲ್ಲೇ ದೂರು ಕೊಡಲು ಅವಕಾಶವಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಸಾಕ್ಷಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಯಾವುದು ಗೊತ್ತಾ? ಆ ವಾಯ್ಸ್ ಮೆಸೇಜ್. ಮಗಳು ಅದನ್ನು ಅಳಿಸಿರಲಿಲ್ಲ. ಜೊತೆಗೆ 8714 ಎಂದಿರುವ ಬಿಲ್ಲು, ಬೇರೆ ಮಾಡೆಲ್ಲಿನ ಪ್ರಮಾಣಪತ್ರದ ಫೋಟೊ, ಫ್ರೇಮ್ ನಂಬರಿನ ಫೋಟೊ. ವೈರ್ ಬಿಚ್ಚಿದ್ದನ್ನು ಮುಚ್ಚಿಡಬೇಡಿ, ಯಾರು ಹೇಳಿದರು ಅನ್ನುವುದನ್ನೇ ಮುಂದೆ ಇಡಿ ಎಂದು ವಕೀಲರು ಹೇಳಿದರು.

ನೋಟಿಸ್ ಹೋದ ಮೇಲೆ ಮಾರಾಟಗಾರ ತಾನೇ ಫೋನ್ ಮಾಡಿದ. ಗಾಡಿಯನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ಕಳಿಸಿ, 18,000 ಕೊಡುತ್ತೇನೆ ಎಂದ. ಮೇಷ್ಟ್ರು ಒಪ್ಪಲಿಲ್ಲ. ಮೊದಲು ದುಡ್ಡು, ಆಮೇಲೆ ಗಾಡಿ, ಲಾರಿ ಬಾಡಿಗೆ ನಿಮ್ಮದೇ ಎಂದು ಹೇಳಿ ಇಟ್ಟರು. ವಿಚಾರಣೆ ನಡೆಯುತ್ತಿದೆ. ಅಪಘಾತದ 41,000 ಇದರಲ್ಲಿ ವಾಪಸ್ ಬರುವ ಆಸೆ ನನಗಂತೂ ಇಲ್ಲ, ವಕೀಲರೂ ಅದರ ಭರವಸೆ ಕೊಟ್ಟಿಲ್ಲ.

ಗಾಡಿಯ ಬಿಳಿ ವೈರನ್ನು ನಾನೇ ಮತ್ತೆ ಜೋಡಿಸಿದ್ದೇನೆ. ಮಾರೋಣ ಎಂದರೆ ಮಾರುವ ಹಾಗೂ ಇಲ್ಲ, ಇನ್ನೊಬ್ಬರ ತಲೆಗೆ ಕಟ್ಟಿದ ಹಾಗಾಗುತ್ತದೆ ಎಂದು ಮೇಷ್ಟ್ರೇ ಬೇಡ ಅಂದರು. ಸದ್ಯ ಮನೆಯಿಂದ ಅಡಿಕೆ ತೋಟಕ್ಕೆ, ತಮ್ಮದೇ ಜಾಗದೊಳಗೆ, ಗೊಬ್ಬರದ ಚೀಲ ಸಾಗಿಸಲು ಓಡುತ್ತಿದೆ. ಮಗಳು ಬಸ್ಸಿಗೇ ಹೋಗುತ್ತಿದ್ದಾಳೆ, ಟ್ಯೂಷನ್ ದಿನ ಅಪ್ಪ ಬೈಕಿನಲ್ಲಿ ಕರೆತರುತ್ತಾರೆ. 18 ತುಂಬಿದ ವಾರವೇ ಎಲ್‌ಎಲ್‌ಆರ್‌ಗೆ (ಕಲಿಕಾ ಲೈಸೆನ್ಸಿಗೆ) ಅರ್ಜಿ ಹಾಕುವುದು ಎಂದು ಅವಳು ಈಗಲೇ ದಿನಾಂಕ ಗುರುತು ಮಾಡಿ ಇಟ್ಟಿದ್ದಾಳೆ.